ಹಳೆ ಜೀಪಿಗೆ ಹೊಸ ಡ್ಯಾಶ್‌ಬೋರ್ಡ್

ಪ್ರಶ್ನೆ: ಸಕಲೇಶಪುರದ ತೋಟದಲ್ಲಿರುವ ನಮ್ಮ ಹಳೆ ಮಹೀಂದ್ರ ಎಂಎಂ540 ಜೀಪಿನ ಡ್ಯಾಶ್‌ಬೋರ್ಡ್ ತುಕ್ಕು ಹಿಡಿದಿದೆ. ಮರದಲ್ಲಿ ನಾನೇ ಮಾಡಿಕೊಳ್ಳಬಹುದೇ?

ಉತ್ತರ: ಮಾಡಿಕೊಳ್ಳಿ, ಆದರೆ ಮರ ಬೇಡ, ನಿಮ್ಮ ಕಡೆಯ ಮಳೆಗೆ ಉಬ್ಬುತ್ತದೆ. 3 ಮಿ.ಮೀ. ಅಲ್ಯೂಮಿನಿಯಂ ಶೀಟ್ ಸಾಕು. ಮೊದಲು ರಟ್ಟಿನಲ್ಲಿ ಕತ್ತರಿಸಿ ಕೂರಿಸಿ, ಸ್ಟೀರಿಂಗ್ ಅಡ್ಡ ಬರದೆ ಮೀಟರ್‌ಗಳು ಕಾಣುತ್ತವೆಯೇ ನೋಡಿ. ಬ್ಯಾಟರಿಯ ನೆಗೆಟಿವ್ ಕಳಚಿದ ಮೇಲಷ್ಟೇ ವೈರ್ ಮುಟ್ಟಿ. ಪ್ರತಿಯೊಂದಕ್ಕೂ ಚೀಟಿ ಅಂಟಿಸಿ. ಹೊಸ ಟೆಂಪರೇಚರ್ ಮೀಟರಿಗೆ ಅದರ ಜೋಡಿ ಸೆಂಡರನ್ನೇ ಕೊಳ್ಳಿ, ಇಲ್ಲವಾದರೆ ಮುಳ್ಳು ಸುಳ್ಳು ಹೇಳುತ್ತದೆ. ಆಮ್ಮೀಟರ್ ಇದ್ದರೆ ತೆಗೆಸಿ, ವೋಲ್ಟ್‌ಮೀಟರ್ ಹಾಕಿಸಿ. ಚಾರ್ಜಿಂಗ್ ಕರೆಂಟನ್ನೆಲ್ಲ ಡ್ಯಾಶ್‌ಬೋರ್ಡಿನೊಳಗೆ ಸುತ್ತಿಸುವುದು ನನಗಂತೂ ಹಿಡಿಸದು. ಈ ಬದಲಾವಣೆ ಮತ್ತು ಫ್ಯೂಸ್ ಬಾಕ್ಸ್ ಮಾತ್ರ ಆಟೊ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ. ವೈರಿನ ಹೊದಿಕೆ ಬಿರುಕು ಬಿಟ್ಟಿದ್ದರೆ ಪೂರ್ತಿ ವೈರಿಂಗನ್ನೂ ಅವರೇ ಬದಲಿಸಲಿ. ಸ್ಪೀಡೋಮೀಟರ್ ಕೈಬಿಡಬೇಡಿ, ರಸ್ತೆಗಿಳಿಯುವ ಗಾಡಿಗೆ ಅದು ಬೇಕೇ ಬೇಕು.