ತೋಳಿನ ತುರಿಕೆಗೆ ಕತ್ತಿನಲ್ಲಿ ಬೇರು



ತುರಿಕೆಯೆಂದರೆ ಅದೊಂದು ಸಣ್ಣ ಉಪದ್ರವವೆಂದು ನಮ್ಮಲ್ಲಿ ಅನೇಕರ ಭಾವನೆ. ಜ್ವರ ಬಂದರೆ ಮಲಗುತ್ತೇವೆ, ಗಾಯವಾದರೆ ಕಟ್ಟು ಕಟ್ಟುತ್ತೇವೆ. ಮೈ ತುರಿಸಿದರೆ ಕೆರೆದುಕೊಂಡು ಸುಮ್ಮನಾಗುತ್ತೇವೆ. ಆದರೆ ತಿಂಗಳುಗಟ್ಟಲೆ ಬಿಡದೆ ಕಾಡುವ ತುರಿಕೆ ನಿದ್ದೆಯನ್ನು ಕೆಡಿಸುತ್ತದೆ. ರಾತ್ರಿ ನಿದ್ದೆಯಿಲ್ಲದವರಿಂದ ಹಗಲು ಹೊಲದ ಕೆಲಸ ಸಾಗುವುದಿಲ್ಲ. ಇಂಥ ತುರಿಕೆಗಳಲ್ಲಿ ಒಂದು ಬಗೆ ಚರ್ಮದ ರೋಗವೇ ಅಲ್ಲ. ತುರಿಸುವುದು ತೋಳು, ತೊಂದರೆ ಇರುವುದು ನರದಲ್ಲಿ, ಅನೇಕ ವೇಳೆ ಕತ್ತಿನ ಬಳಿ. ಇದನ್ನು ತಿಳಿಯದೆ ಮುಲಾಮುಗಳಿಗೆ ಹಣ ಸುರಿಯುವವರು ಹಲವರು. ಆದುದರಿಂದ ಈ ತುರಿಕೆಯನ್ನು ಗುರುತಿಸುವುದು ಹೇಗೆ, ಶಮನ ಪಡೆಯುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಗುರುತುಗಳು

ಈ ತುರಿಕೆ ಹೆಚ್ಚಾಗಿ ಕಾಣುವುದು ನಡುವಯಸ್ಸು ದಾಟಿದವರಲ್ಲಿ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಮೊಣಕೈಯ ಸುತ್ತ, ಅದರ ಕೆಳಗಿನ ಹೊರಮಗ್ಗುಲಲ್ಲಿ, ಕೆಲವರಿಗೆ ರಟ್ಟೆ ಮತ್ತು ಭುಜದವರೆಗೂ ತುರಿಸುತ್ತದೆ. ಒಂದು ತೋಳಿಗೆ ಬರಬಹುದು, ಎರಡಕ್ಕೂ ಬರಬಹುದು. ಬರಿಯ ತುರಿಕೆಯಲ್ಲದೆ ಉರಿ, ಚುಚ್ಚಿದಂತಾಗುವುದು, ಜುಮುಗುಟ್ಟುವುದು, ಚರ್ಮದ ಒಳಗೆ ಇರುವೆ ಹರಿದಂತಾಗುವುದು ಇವೂ ಇರುತ್ತವೆ. ಬಿಸಿಲಿನಲ್ಲಿ ದುಡಿದ ಮೇಲೆ ಹೆಚ್ಚುತ್ತದೆ. ಅನೇಕರಿಗೆ ಚಳಿಗಾಲದಲ್ಲಿ ತಗ್ಗುತ್ತದೆ.

ಮುಖ್ಯವಾದ ಗುರುತು ಇನ್ನೊಂದಿದೆ. ತುರಿಸುವ ಜಾಗದಲ್ಲಿ ಗುಳ್ಳೆಯಿಲ್ಲ, ಚಕ್ಕಳವಿಲ್ಲ, ಮಚ್ಚೆಯಿಲ್ಲ. ಕಾಣುವುದು ಉಗುರಿನ ಗೀರುಗಳು, ಕೆರೆದು ಆದ ಗಾಯ, ಬಹುಕಾಲ ಉಜ್ಜಿ ಕಪ್ಪಾದ ಚರ್ಮ, ಇಷ್ಟೇ.

ಕಾರಣವೇನು?

ನಮ್ಮ ಕತ್ತಿನಲ್ಲಿ 7 ಮೂಳೆಯ ಮಣಿಗಳಿವೆ. ಅವುಗಳ ನಡುವಿನ ಕಿಂಡಿಗಳಿಂದ 8 ಜೊತೆ ನರಗಳು ಹೊರಡುತ್ತವೆ. ಅವುಗಳಲ್ಲಿ 5ನೆಯ ಮತ್ತು 6ನೆಯ ಜೊತೆಗಳು ಭುಜದಿಂದ ಹೆಬ್ಬೆರಳಿನವರೆಗೆ ತೋಳಿನ ಹೊರಮಗ್ಗುಲಿನ ಸ್ಪರ್ಶ, ನೋವು, ತುರಿಕೆಗಳ ಸುದ್ದಿಯನ್ನು ಮಿದುಳಿಗೆ ಒಯ್ಯುತ್ತವೆ. ವಯಸ್ಸಾದಂತೆ ಮಣಿಗಳ ನಡುವಿನ ಮೆತ್ತೆ ಸವೆಯುತ್ತದೆ, ಮೂಳೆಯ ಅಂಚು ಬೆಳೆಯುತ್ತದೆ, ಕಿಂಡಿ ಕಿರಿದಾಗುತ್ತದೆ. ಆಗ ನರವು ಒತ್ತಿಗೆ ಸಿಕ್ಕಿ ಕೆರಳುತ್ತದೆ. ತೋಳಿನಲ್ಲಿ ಏನೂ ಇಲ್ಲದಿದ್ದರೂ ತುರಿಕೆಯ ಸುಳ್ಳು ಸುದ್ದಿಯನ್ನು ಕಳಿಸುತ್ತಲೇ ಇರುತ್ತದೆ.

ಕೊನೆಯ ಮಡಿಗೆ ನೀರು ಬಾರದಿದ್ದರೆ ನಾವು ಆ ಮಡಿಯನ್ನೇ ಅಗೆಯುತ್ತಾ ಕೂರುವುದಿಲ್ಲ. ಕಾಲುವೆಯ ಜಾಡು ಹಿಡಿದು ತೂಬಿನವರೆಗೆ ಹೋಗಿ ನೋಡುತ್ತೇವೆ. ಇಲ್ಲಿಯೂ ಹಾಗೆಯೇ. ತೋಳು ಕೊನೆಯ ಮಡಿ. ತೂಬು ಇರುವುದು ಕತ್ತಿನಲ್ಲಿ.

1968ರಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ವೇಸ್ಮನ್ ಎಂಬ ಚರ್ಮವೈದ್ಯರು ಇದನ್ನು ವಿವರಿಸಿದಾಗ, ಬಿಸಿಲಿನಿಂದ ಬರುವ ಮೊಣಕೈ ತುರಿಕೆಯೆಂದೇ ಹೆಸರಿಟ್ಟರು. 1983ರಲ್ಲಿ ದಕ್ಷಿಣ ಆಫ್ರಿಕದ ಹೈಲ್ ಎಂಬ ವೈದ್ಯರು ಕತ್ತಿನ ನರದ ಕಡೆಗೆ ಗಮನ ಸೆಳೆದರು. ಅನಂತರ ಕತ್ತಿನ ಎಂ.ಆರ್.ಐ. ಚಿತ್ರ ತೆಗೆದು ನೋಡಿದಾಗ ಇಂಥ ಅನೇಕ ರೋಗಿಗಳಲ್ಲಿ ಮಣಿಗಳ ಸವೆತ ಕಂಡುಬಂದಿತು. ಕತ್ತಿನ ನರ ದುರ್ಬಲವಾಗಿರುವಾಗ ಬಿಸಿಲು ಅದನ್ನು ಕೆರಳಿಸುತ್ತದೆ ಎಂಬುದು ಈಗ ಹೆಚ್ಚು ವೈದ್ಯರು ಒಪ್ಪುವ ವಿವರಣೆ. ವರುಷವೆಲ್ಲಾ ಬಿಸಿಲಿನಲ್ಲಿ ಬಗ್ಗಿ ದುಡಿದು ತಲೆಯ ಮೇಲೆ ಹೊರೆ ಹೊರುವ ನಮಗೆ ಇದು ತಿಳಿದಿರಬೇಕಾದ ವಿಷಯ.

ಇದು ಅಂಟುರೋಗವಲ್ಲ

ನಮ್ಮ ವಲಯದ ಒಂದು ಹಳ್ಳಿಯ ಮಹಿಳಾ ಸಂಘದ ಸಭೆಯಲ್ಲಿ ಐವತ್ತು ದಾಟಿದ ತಾಯಿಯೊಬ್ಬರು ಎಲ್ಲರಿಂದ ದೂರ ಕುಳಿತಿದ್ದರು. "ಇಲ್ಲೇ ಬನ್ನಿ ಅಮ್ಮಾ" ಎಂದರೆ, "ಬೇಡಪ್ಪ, ನನಗೆ ಕಜ್ಜಿ. ಮನೆಯಲ್ಲೂ ನನ್ನ ಚಾಪೆ, ತಟ್ಟೆ ಬೇರೆ. ಮೊಮ್ಮಗುವನ್ನು ಎತ್ತಿಕೊಳ್ಳುವಂತಿಲ್ಲ. ರಾತ್ರಿಯೆಲ್ಲಾ ನೀರಗಂಟಿಯ ಹಾಗೆ ಎದ್ದಿರುತ್ತೇನೆ" ಎಂದರು. ಎರಡು ವರ್ಷದಿಂದ ಅಂಗಡಿಯ ಮುಲಾಮು ಹಚ್ಚಿ ತೋಳಿನ ಚರ್ಮ ತೆಳುವಾಗಿತ್ತು. ಆಶಾ ಕಾರ್ಯಕರ್ತೆಯವರು ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು. ಮನೆಯಲ್ಲಿ ಬೇರೆ ಯಾರಿಗೂ ತುರಿಕೆಯಿಲ್ಲ, ಬೆರಳ ಸಂದಿಯಲ್ಲಿ ಏನೂ ಇಲ್ಲ, ಕತ್ತು ತಿರುಗಿಸಿದರೆ ನೋವಿದೆ ಎಂಬುದನ್ನು ನೋಡಿ, ಇದು ಕಜ್ಜಿಯಲ್ಲ, ನರದ ತುರಿಕೆ ಎಂದು ವೈದ್ಯರು ತಿಳಿಸಿದರು. ಎರಡು ತಿಂಗಳ ಉಪಚಾರದಿಂದ ಅವರಿಗೆ ನಿದ್ದೆ ಬರುವಂತಾಯಿತು. ಬೇಸಿಗೆಯಲ್ಲಿ ಈಗಲೂ ಸ್ವಲ್ಪ ತುರಿಸುತ್ತದೆ. ಆದರೆ ಚಾಪೆ ಒಳಗೆ ಬಂದಿದೆ, ಮೊಮ್ಮಗು ತೊಡೆಯ ಮೇಲಿದೆ.

ನರದ ತುರಿಕೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಇಂಥವರ ಬಟ್ಟೆ, ಪಾತ್ರೆ, ಹಾಸಿಗೆಗಳನ್ನು ಬೇರೆಯಿಡುವುದು ಅನಗತ್ಯ. ಇದನ್ನು ಮನೆಮನೆಗೂ ತಿಳಿಸಬೇಕು.

ಬೇರೆ ತುರಿಕೆಗಳಿಂದ ಬೇರ್ಪಡಿಸುವುದು

ತೋಳು ತುರಿಸಿದ್ದೆಲ್ಲಾ ನರದ ತುರಿಕೆಯಲ್ಲ. ಕೆಳಗಿನವುಗಳನ್ನು ಗಮನಿಸಿರಿ.

1. ಕಜ್ಜಿ: ಬೆರಳ ಸಂದಿ, ಮಣಿಕಟ್ಟು, ಸೊಂಟಗಳಲ್ಲಿ ಸಣ್ಣ ಗುಳ್ಳೆಗಳು, ರಾತ್ರಿ ಹೆಚ್ಚು, ಮನೆಯ ಹಲವರಿಗೆ ಇರುತ್ತದೆ. ಮನೆಯವರೆಲ್ಲರೂ ಒಟ್ಟಿಗೆ ಔಷಧ ಹಚ್ಚಿಕೊಂಡರೆ ವಾಸಿಯಾಗುತ್ತದೆ.

2. ಹುಳುಕಡ್ಡಿ: ಉಂಗುರದಂತೆ ಅಂಚು ಕೆಂಪಾಗಿ ಹರಡುವ ಮಚ್ಚೆ.

3. ಕಾಂಗ್ರೆಸ್ ಕಳೆಯ ಒಗ್ಗದಿಕೆ: ಪಾರ್ಥೇನಿಯಂ ಕಳೆಯ ಸಂಪರ್ಕದಿಂದ ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ಚರ್ಮ ಕೆಂಪಾಗಿ, ಬರಬರುತ್ತಾ ದಪ್ಪವಾಗುತ್ತದೆ.

4. ಕುಷ್ಠ: ಮಚ್ಚೆಯಲ್ಲಿ ಸಾಮಾನ್ಯವಾಗಿ ತುರಿಕೆಯಿರುವುದಿಲ್ಲ, ಸ್ಪರ್ಶಜ್ಞಾನ ಕಡಿಮೆಯಾಗಿರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಉಚಿತ ಔಷಧವಿದೆ, ಹೆದರಿ ಮುಚ್ಚಿಡಬಾರದು.

5. ಗುಳ್ಳೆಯಿಲ್ಲದೆ ಇಡೀ ಮೈ ತುರಿಸುತ್ತಿದ್ದರೆ ಮೂತ್ರಪಿಂಡ, ಯಕೃತ್ತು, ಥೈರಾಯ್ಡ್ ಇವುಗಳ ದೋಷವಿರಬಹುದು. ರಕ್ತಪರೀಕ್ಷೆ ಮಾಡಿಸತಕ್ಕದ್ದು.

ತಂಪಿನ ಪರೀಕ್ಷೆ

ನರದ ತುರಿಕೆಗೆ ವೈದ್ಯರು ಬಳಸುವ ಒಂದು ಸುಲಭ ಗುರುತು ಮಂಜುಗಡ್ಡೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ತುರಿಸುವ ಜಾಗಕ್ಕೆ ಒತ್ತಿದರೆ ತುರಿಕೆ ಬೇಗನೆ ಅಡಗುತ್ತದೆ. ತೆಗೆದ ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ. ತಂಪಿನ ಸುದ್ದಿ ನರದಲ್ಲಿ ಹರಿಯುವಾಗ ತುರಿಕೆಯ ಸುದ್ದಿ ಕೆಳಗಾಗುತ್ತದೆ. ಈ ಕಾಯಿಲೆಯವರು ರಾತ್ರಿ ಒದ್ದೆ ಬಟ್ಟೆ ಸುತ್ತಿಕೊಂಡು ಮಲಗುವುದನ್ನು ಯಾರೂ ಹೇಳಿಕೊಡದೆ ತಾವೇ ಕಂಡುಕೊಂಡಿರುತ್ತಾರೆ. ಆದರೆ ಈ ಒಂದು ಗುರುತಿನಿಂದಲೇ ತೀರ್ಮಾನ ಮಾಡಬಾರದು, ವೈದ್ಯರಿಗೆ ತೋರಿಸಲೇಬೇಕು.

ಮನೆಯಲ್ಲಿ ಮಾಡತಕ್ಕ ಉಪಚಾರ

1. ತುರಿಕೆ ಬಂದಾಗ ಕೆರೆಯುವ ಬದಲು ಮಡಕೆಯ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ತೋಳಿಗೆ ಸುತ್ತಿರಿ. ಮಂಜುಗಡ್ಡೆಯಿದ್ದರೆ ಬಟ್ಟೆಯಲ್ಲಿ ಸುತ್ತಿ 10 ನಿಮಿಷ ಇಡಿರಿ. ಬರಿಯ ಮಂಜುಗಡ್ಡೆಯನ್ನು ಚರ್ಮಕ್ಕೆ ಇಟ್ಟರೆ ಚರ್ಮ ಸುಟ್ಟಂತೆ ಗಾಯವಾಗುತ್ತದೆ.

2. ಬಿಸಿಲಿಗೆ ಹೋಗುವಾಗ ಮಣಿಕಟ್ಟಿನವರೆಗೆ ತೋಳಿರುವ, ಒತ್ತಾದ ನೇಯ್ಗೆಯ ಸಡಿಲ ಹತ್ತಿಯಂಗಿ ತೊಡಿರಿ. ಹೆಂಗಸರು ರವಿಕೆಯ ಮೇಲೆ ತುಂಬುತೋಳಿನ ಅಂಗಿ ಹಾಕಿಕೊಳ್ಳಬಹುದು. ಕೆಲಸ ಹೊಂದಿಸಿಕೊಳ್ಳಲು ಸಾಧ್ಯವಿದ್ದರೆ 11 ಗಂಟೆಯಿಂದ 3 ಗಂಟೆಯವರೆಗಿನ ಬಿಸಿಲನ್ನು ತಪ್ಪಿಸಿರಿ.

3. ಹುಲ್ಲಿನ ಹೊರೆ, ಗೊಬ್ಬರದ ಪುಟ್ಟಿ, ನೀರಿನ ಕೊಡ ಇವುಗಳನ್ನು ತಲೆಯ ಮೇಲೆ ಹೊರುವುದನ್ನು ಕಡಿಮೆ ಮಾಡಿರಿ. ಸಿಂಬೆ ನೆತ್ತಿಗೆ ಮೆತ್ತಗಿರಬಹುದು. ಕತ್ತಿನ ಮಣಿಯ ಮೇಲಿನ ಭಾರ ಅದರಿಂದ ಇಳಿಯದು. ಗಾಡಿ, ಸೈಕಲ್ಲು, ತಳ್ಳುಬಂಡಿ ಬಳಸಿರಿ. ಹೊರಲೇಬೇಕಾದರೆ ಒಂದು ಹೊರೆಯನ್ನು ಎರಡು ಮಾಡಿರಿ.

4. ನಾಟಿ, ಕಳೆ ಕೀಳುವ ಕೆಲಸದಲ್ಲಿ ಅರ್ಧ ಗಂಟೆಗೊಮ್ಮೆ ನೆಟ್ಟಗೆ ನಿಂತು, ಗದ್ದವನ್ನು ಮೆಲ್ಲನೆ ಹಿಂದಕ್ಕೆ ಎಳೆದು ಬಿಡಿರಿ. ಭುಜಗಳನ್ನು ನಾಲ್ಕಾರು ಬಾರಿ ತಿರುಗಿಸಿರಿ. ನೋವು ಅಥವಾ ಜುಮು ಹೆಚ್ಚಿದರೆ ನಿಲ್ಲಿಸಿರಿ. ಎತ್ತರದ ದಿಂಬು ಬಿಟ್ಟು, ಕತ್ತು ಬೆನ್ನಿನ ಸಮಕ್ಕೆ ಬರುವಂತೆ ತೆಳುವಾದ ದಿಂಬು ಇಟ್ಟು ಮಲಗಿರಿ.

5. ಉಗುರನ್ನು ಚಿಕ್ಕದಾಗಿ ಕತ್ತರಿಸಿರಿ. ಬಿಸಿನೀರಿನ ಬದಲು ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿ, ಚರ್ಮ ಒಣಗದಂತೆ ಕೊಬ್ಬರಿ ಎಣ್ಣೆ ಸವರಿರಿ.

ಮಾಡಬಾರದ ಕೆಲಸಗಳು

ಅಂಗಡಿಯಲ್ಲಿ ಕೇಳಿ ತಂದ ತುರಿಕೆಯ ಟ್ಯೂಬುಗಳಲ್ಲಿ ಹಲವಕ್ಕೆ ಸ್ಟೀರಾಯ್ಡ್ ಬೆರೆತಿರುತ್ತದೆ. ನರದ ತುರಿಕೆಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಬಹುಕಾಲ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಹುಳುಕಡ್ಡಿಯಿದ್ದರೆ ಅದು ಮತ್ತಷ್ಟು ಹರಡುತ್ತದೆ. ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿದೆ.

ಸೀಮೆಎಣ್ಣೆ, ಬ್ಯಾಟರಿಯ ಕಪ್ಪು, ಬೆಳೆಗೆ ಸಿಂಪಡಿಸುವ ಕೀಟನಾಶಕ ಇವುಗಳನ್ನು ಯಾವ ತುರಿಕೆಗೂ ಹಚ್ಚಬಾರದು. ಕೀಟನಾಶಕ ಚರ್ಮದ ಮೂಲಕ ಒಳಗಿಳಿದು ಪ್ರಾಣಕ್ಕೇ ಅಪಾಯ ತರುತ್ತದೆ. ಕ್ಷೌರದ ಅಂಗಡಿಯಲ್ಲಿ ಕತ್ತನ್ನು ಹಠಾತ್ತನೆ ತಿರುವಿ ನೆಟಿಕೆ ತೆಗೆಸಿಕೊಳ್ಳುವ ಅಭ್ಯಾಸವನ್ನೂ ಬಿಡತಕ್ಕದ್ದು.

ವೈದ್ಯರಲ್ಲಿ ಏನು ಉಪಾಯವಿದೆ?

ಸಾಮಾನ್ಯ ತುರಿಕೆಯ ಮಾತ್ರೆಗಳು ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಕೆರಳಿದ ನರವನ್ನು ಶಾಂತಗೊಳಿಸುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಮೊದಲಾದ ಔಷಧಗಳನ್ನು ವೈದ್ಯರು ಕೊಡಬಹುದು. ಇವು ಮಂಪರು ತರುತ್ತವೆ. ಮೈಗೆ ಹೇಗೆ ಒಗ್ಗುತ್ತದೆಂದು ತಿಳಿಯುವವರೆಗೆ ಟ್ರ್ಯಾಕ್ಟರ್ ಓಡಿಸಬಾರದು, ಮರ ಹತ್ತಬಾರದು, ಮೇವು ಕತ್ತರಿಸುವ ಯಂತ್ರದ ಮುಂದೆ ಕೂರಬಾರದು. ಇವುಗಳ ಜೊತೆ ಮದ್ಯ ಸೇರಬಾರದು. ಮೂತ್ರಪಿಂಡದ ತೊಂದರೆಯಿದ್ದರೆ ಮೊದಲೇ ಹೇಳಬೇಕು. ವಾಸಿಯಾಯಿತೆಂದು ಒಮ್ಮೆಗೇ ನಿಲ್ಲಿಸಬಾರದು. ವೈದ್ಯರು ಹೇಳಿದಂತೆ ಕ್ರಮವಾಗಿ ಇಳಿಸಬೇಕು.

ಮೆಣಸಿನಕಾಯಿಯ ಖಾರದ ಸತ್ತ್ವವಾದ ಕ್ಯಾಪ್ಸೈಸಿನ್‌ನಿಂದ ತಯಾರಿಸಿದ ಮುಲಾಮು ಕೂಡ ಕೆಲವರಿಗೆ ಗುಣ ಕೊಡುತ್ತದೆ. ಮೊದಲ ಕೆಲವು ದಿನ ಉರಿಯುತ್ತದೆ, ಬರಬರುತ್ತಾ ನರದ ತುದಿ ಮಂಕಾಗಿ ತುರಿಕೆ ತಗ್ಗುತ್ತದೆ. ಗಾಯವಿರುವ ಕಡೆ ಹಚ್ಚಬಾರದು; ಹಚ್ಚಿದ ಮೇಲೆ ಕೈ ತೊಳೆಯಬೇಕು, ಕಣ್ಣು ಮುಟ್ಟಬಾರದು. ಮುಲಾಮಿನಲ್ಲಿ ಸತ್ತ್ವವು ಅಳತೆಯಲ್ಲಿ ಬೆರೆತಿರುತ್ತದೆ. ಅದಕ್ಕೆ ಬದಲಾಗಿ ಮನೆಯಲ್ಲೇ ಮೆಣಸಿನಕಾಯಿ ಅರೆದು ಮೆತ್ತುವ ಸಾಹಸ ಬೇಡ, ಚರ್ಮ ಬೊಬ್ಬೆಯೇಳುತ್ತದೆ. ಇದಲ್ಲದೆ, ಕತ್ತಿಗೆ ತಕ್ಕ ವ್ಯಾಯಾಮಗಳನ್ನು ಫಿಸಿಯೋಥೆರಪಿ ತಜ್ಞರಿಂದ ಕಲಿತು ದಿನವೂ ಮಾಡಬಹುದು.

ತಡಮಾಡಬಾರದ ಸಂದರ್ಭ

ಕೈಯ ಹಿಡಿತ ಸಡಿಲವಾಗಿ ಕುಡುಗೋಲು ಜಾರುವುದು, ಗುಂಡಿ ಹಾಕಲು ಬೆರಳು ಬಾರದಿರುವುದು, ಕೈ ಜೋಮು ಹಿಡಿದೇ ಇರುವುದು, ನಡಿಗೆ ತೊಡರುವುದು, ಮಲಮೂತ್ರದ ಹತೋಟಿ ತಪ್ಪುವುದು, ಕತ್ತುನೋವಿನ ಜೊತೆ ಜ್ವರ ಅಥವಾ ಮೈ ಇಳಿಯುವುದು: ಇವುಗಳಲ್ಲಿ ಒಂದು ಕಂಡರೂ ಬೆನ್ನುಹುರಿಗೆ ತೊಂದರೆಯಿರಬಹುದು. ಅಂದೇ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು.

ನೆನಪಿಗಾಗಿ

ಪ್ರಶ್ನೆ: ತೋಳಿನಲ್ಲಿ ಗುಳ್ಳೆಯಿಲ್ಲ, ಆದರೂ ತಿಂಗಳುಗಟ್ಟಲೆ ತುರಿಕೆ. ಎಲ್ಲಿ ನೋಡಬೇಕು?
ಉತ್ತರ: ಕತ್ತಿನ ನರವನ್ನು ವೈದ್ಯರಿಂದ ನೋಡಿಸಬೇಕು.

ಪ್ರಶ್ನೆ: ತಕ್ಷಣದ ಶಮನ ಯಾವುದು?
ಉತ್ತರ: ತಣ್ಣೀರ ಬಟ್ಟೆ, ಹಗಲಿನಲ್ಲಿ ತುಂಬುತೋಳಿನ ಅಂಗಿ.

ಪ್ರಶ್ನೆ: ಪೂರ್ತಿ ವಾಸಿಯಾಗುತ್ತದೆಯೇ?
ಉತ್ತರ: ಕೆಲವರಿಗೆ ಆಗುತ್ತದೆ, ಕೆಲವರಿಗೆ ಬಿಸಿಲುಗಾಲದಲ್ಲಿ ಮರುಕಳಿಸುತ್ತದೆ. ಆದರೆ ನಿದ್ದೆ ಕೆಡದಷ್ಟು ಹತೋಟಿಯಲ್ಲಿಡಲು ಹೆಚ್ಚಿನವರಿಗೆ ಸಾಧ್ಯ.

ಪ್ರಶ್ನೆ: ಚಾಪೆ, ತಟ್ಟೆ ಬೇರೆ ಇಡಬೇಕೇ?
ಉತ್ತರ: ಖಂಡಿತ ಬೇಡ.

ಓದು ಬಾರದ ಹಿರಿಯರಿಗೆ ಈ ಪಾಠವನ್ನು ಮನೆಯ ಮಕ್ಕಳು ಓದಿ ಹೇಳಬೇಕು. ನಿಮ್ಮ ಕೇರಿಯಲ್ಲಿ ತೋಳು ಕೆರೆಯುತ್ತಾ ನಿದ್ದೆಗೆಟ್ಟವರಿದ್ದರೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಈ ವಾರವೇ ಕರೆದುಕೊಂಡು ಹೋಗಿರಿ.