ಬಾಗಿಲು ದಾಟುವಾಗ ಎಷ್ಟು? ಹೊಸ ಬೈಕ್ ಕೊಳ್ಳುವವರಿಗೆ ಒಂದು ಚೌಕಾಸಿ ಪಾಠ

ಹೋದ ವರ್ಷ ಸೆಪ್ಟೆಂಬರಿನ ಒಂದು ಶನಿವಾರ ನನ್ನ ರೂಮ್‌ಮೇಟ್ ಹೊಸ ಬೈಕ್ ತಗೊಂಡ. ರಾಲಿಯಿಂದ ಅರ್ಧ ಗಂಟೆ ದೂರದ ಒಂದು ಡೀಲರ್‌ಶಿಪ್. ಜೊತೆಗೆ ನಾನೂ ಹೋಗಿದ್ದೆ. ಬೈಕಿಗೆ ನೇತುಹಾಕಿದ್ದ ಚೀಟಿಯಲ್ಲಿ 4,999 ಡಾಲರ್ ಅಂತ ಇತ್ತು. ಸಂಜೆ ಮನೆಗೆ ಬಂದು ಅಡುಗೆಮನೆ ಟೇಬಲ್ ಮೇಲೆ ಕಾಗದಗಳನ್ನು ಹರಡಿಕೊಂಡು ಕೂಡಿಸಿದಾಗ ಬಂದಿದ್ದು 7,348. ಅದಕ್ಕೆ ಶೇಕಡಾ 13ರ ಬಡ್ಡಿಯಲ್ಲಿ 60 ತಿಂಗಳ ಸಾಲ, ತಿಂಗಳಿಗೆ 167. ಗುಣಿಸಿ ನೋಡಿದರೆ ಹತ್ತು ಸಾವಿರ ದಾಟುತ್ತೆ. ಅವನ ಕೋರ್ಸ್ ಇರೋದೇ ಎರಡು ವರ್ಷ.

"ನೀನು ಪಕ್ಕದಲ್ಲೇ ಕೂತಿದ್ದೆಯಲ್ಲೋ" ಅಂದ.

ಹೌದು, ಕೂತಿದ್ದೆ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದವನು, ಜೇಬಿನಲ್ಲಿ ಫೋನು, ಫೋನಿನಲ್ಲಿ ಕ್ಯಾಲ್ಕುಲೇಟರು. ಆದರೂ ಬಾಯಿ ಬಿಡಲಿಲ್ಲ. ಅಮೆರಿಕದಲ್ಲಿ ಎಲ್ಲ ಫಿಕ್ಸ್ಡ್ ಪ್ರೈಸ್, ಇಲ್ಲಿ ಕೇಳಿದರೆ ಮರ್ಯಾದೆ ಹೋಗುತ್ತೆ ಅನ್ನೋ ಸಂಕೋಚ. ಮೈಸೂರಿನ ದೇವರಾಜ ಮಾರ್ಕೆಟ್ಟಿನಲ್ಲಿ ಅಮ್ಮ "ಬೇಡ ಬಿಡಪ್ಪ" ಅಂತ ಎರಡು ಹೆಜ್ಜೆ ಮುಂದೆ ಹೋಗಿ, ಅಂಗಡಿಯವನೇ "ಬನ್ನಿ ಅಕ್ಕ, ಬನ್ನಿ" ಅಂತ ಕರೆಯೋದನ್ನು ನೋಡ್ಕೊಂಡೇ ಬೆಳೆದವನು ನಾನು. ಆ ವಿದ್ಯೆಯನ್ನೆಲ್ಲ ಏರ್‌ಪೋರ್ಟಿನಲ್ಲೇ ಬಿಟ್ಟು ಬಂದಿದ್ದೆ ಅನ್ಸುತ್ತೆ. ವಾಲ್‌ಮಾರ್ಟಿನಲ್ಲಿ ಹಾಲಿಗೆ ಚೌಕಾಸಿ ಮಾಡಕ್ಕಾಗಲ್ಲ, ನಿಜ. ಆದರೆ ವಾಹನದ ಡೀಲರ್‌ಶಿಪ್ ಈ ದೇಶದಲ್ಲಿ ಚೌಕಾಸಿಗೆಂದೇ ಇರೋ ಜಾಗ. ಇಲ್ಲಿ ಹುಟ್ಟಿ ಬೆಳೆದವರು ಕೇಳೇ ಕೇಳ್ತಾರೆ. ನಾವು ಕೇಳೋದಿಲ್ಲ.

ನಾಲ್ಕು ತಿಂಗಳ ನಂತರ ನಾನೂ ಬೈಕ್ ತಗೊಂಡೆ. ಅದೇ ಕಂಪನಿ, ಅದೇ ಮಾಡೆಲ್. ಕೊಟ್ಟಿದ್ದು 5,805. ನಡುವಿನ ಆ ನಾಲ್ಕು ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ಬರೀತಿದ್ದೀನಿ.

ಮೊದಲು ಆ ಕಾಗದವನ್ನೇ ಓದೋಣ. ಊರಲ್ಲಿ ನಮಗೆಲ್ಲ ಎಕ್ಸ್-ಶೋರೂಮ್ ಬೇರೆ, ಆನ್-ರೋಡ್ ಬೇರೆ ಅಂತ ಚಿಕ್ಕಂದಿನಿಂದ ಗೊತ್ತು. ಲೈಫ್ ಟ್ಯಾಕ್ಸು, ಇನ್ಶೂರೆನ್ಸು, ರಿಜಿಸ್ಟ್ರೇಶನ್ನು ಸೇರಿ ಆನ್-ರೋಡ್ ಆಗುತ್ತೆ. ಇಲ್ಲಿ ಆನ್-ರೋಡ್ ಅನ್ನೋ ಜಾಗದಲ್ಲಿ ಇರೋ ಮಾತು ಔಟ್-ದ-ಡೋರ್. ಅಂದರೆ ಕೀಲಿ ಕೈಗೆ ಬಂದು ನೀವು ಬಾಗಿಲು ದಾಟಿ ಹೋಗುವಾಗ ಒಟ್ಟು ಕೊಟ್ಟಿರೋ ದುಡ್ಡು. ವ್ಯತ್ಯಾಸ ಏನಪ್ಪಾ ಅಂದರೆ, ಊರಲ್ಲಿ ನಡುವಿನ ಮೊತ್ತದಲ್ಲಿ ಬಹುಪಾಲು ಸರ್ಕಾರಕ್ಕೆ ಮತ್ತು ಇನ್ಶೂರೆನ್ಸಿಗೆ ಹೋಗುತ್ತೆ. ಇಲ್ಲಿ ಬಹುಪಾಲು ಡೀಲರ್ ಹತ್ತಿರವೇ ಉಳಿಯುತ್ತೆ. (ಇನ್ಶೂರೆನ್ಸ್ ಇದರಲ್ಲಿ ಸೇರಿರೋದೂ ಇಲ್ಲ, ಅದನ್ನು ನಾವೇ ಬೇರೆ ಮಾಡಿಸಬೇಕು.)

ರೂಮ್‌ಮೇಟ್‌ನ ಕಾಗದದಲ್ಲಿ ಬೈಕ್ 4,999, ಫ್ರೈಟ್ 600, ಸೆಟಪ್ 550, ಡಾಕ್ ಫೀ 499, ಟೈರ್ ಅಂಡ್ ವೀಲ್ ಪ್ಲಾನ್ 399. ಇಲ್ಲಿಗೆ 7,047. ಅದರ ಮೇಲೆ ನಾರ್ತ್ ಕೆರೊಲೈನಾದ ಹೈವೇ ಯೂಸ್ ಟ್ಯಾಕ್ಸ್ ಶೇಕಡಾ 3, ಅಂದರೆ 211. ಟೈಟಲ್ಲು, ನಂಬರ್ ಪ್ಲೇಟು 90. ಸರ್ಕಾರದ ಪಾಲು 301 ಡಾಲರ್ ಮಾತ್ರ. ಮಿಕ್ಕ ಎರಡು ಸಾವಿರಕ್ಕೂ ಹೆಚ್ಚು ಡೀಲರ್ ಬರೆದದ್ದು.

ಒಂದೊಂದಾಗಿ ನೋಡಿದರೆ ಎಲ್ಲವೂ ಮೋಸ ಅಂತ ಹೇಳಲಾರೆ. ಬೈಕ್ ಕ್ರೇಟಿನಲ್ಲಿ ಪ್ಯಾಕ್ ಆಗಿ ಬರುತ್ತೆ. ಅದನ್ನು ತರೋ ಖರ್ಚು ಫ್ರೈಟ್. ಹ್ಯಾಂಡಲ್‌ಬಾರ್ ಕೂರಿಸಿ, ಬ್ಯಾಟರಿ ಹಾಕಿ, ಬ್ರೇಕು ಆಯಿಲ್ಲು ನೋಡಿ ಓಡೋ ಸ್ಥಿತಿಗೆ ತರೋದು ಸೆಟಪ್. ಮೆಕ್ಯಾನಿಕ್‌ಗೆ ಕೆಲವು ಗಂಟೆ ನಿಜವಾದ ಕೆಲಸ ಇದೆ. ಪ್ರಶ್ನೆ ಇರೋದು ಮೊತ್ತದ ಬಗ್ಗೆ. ಕಾರಿನ ಕಿಟಕಿಗೆ ಅಂಟಿಸಿರೋ ದೊಡ್ಡ ಚೀಟಿ ನೋಡಿರ್ತೀರಿ. ಅದಕ್ಕೆ ಮನ್ರೋನಿ ಸ್ಟಿಕರ್ ಅಂತ ಹೆಸರು, ಒಕ್ಲಹೋಮಾದ ಸೆನೆಟರ್ ಮೈಕ್ ಮನ್ರೋನಿ ತಂದ 1958ರ ಕಾನೂನಿನಿಂದ ಬಂದದ್ದು. ಕಂಪನಿ ಹೇಳಿದ ಬೆಲೆ, ಸಾಗಣೆ ಖರ್ಚು ಎಲ್ಲ ಅಲ್ಲೇ ಅಚ್ಚಾಗಿರಬೇಕು. ಆದರೆ ಆ ಕಾನೂನು ಮೋಟರ್‌ಸೈಕಲ್ಲಿಗೆ ಅನ್ವಯಿಸಲ್ಲ! ಹಾಗಾಗಿ ಬೈಕಿನ ಫ್ರೈಟು, ಸೆಟಪ್ಪು ಒಂದು ಡೀಲರ್ ಹತ್ತಿರ ಒಂದು, ಇನ್ನೊಬ್ಬರ ಹತ್ತಿರ ಇನ್ನೊಂದು.

ಡಾಕ್ ಫೀ ಅಂದರೆ ಕಾಗದ ಪತ್ರ ಮಾಡೋ ಕೂಲಿ. ಇದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕಿನಂಥ ಕಡೆ ಇಷ್ಟಕ್ಕಿಂತ ಹೆಚ್ಚು ತಗೋಬಾರದು ಅಂತ ಮಿತಿ ಇದೆ; ನಮ್ಮಲ್ಲಿ, ಫ್ಲೋರಿಡಾದಲ್ಲಿ ಹಾಗೆ ಮಿತಿ ಇಲ್ಲ. ಕೇಳಿದರೆ "ಎಲ್ಲರಿಗೂ ಒಂದೇ, ತೆಗೆಯೋಕಾಗಲ್ಲ" ಅಂತಾರೆ. ಅದರ ಜೊತೆ ಜಗಳಕ್ಕೆ ಇಳಿಯಬೇಡಿ. "ಸರಿ, ಅದು ಅಲ್ಲೇ ಇರಲಿ, ಬೈಕಿನ ಬೆಲೆಯಲ್ಲಿ ಅಷ್ಟೇ ಇಳಿಸಿ" ಅನ್ನಿ. ಈ ಒಂದು ಮಾತು ಅರ್ಥ ಆದ ದಿನ ನನಗೆ ಇಡೀ ಆಟ ಅರ್ಥ ಆಯಿತು. ಯಾವ ಸಾಲಿನಲ್ಲಿ ಎಷ್ಟು ಅನ್ನೋದು ಅವರ ಸಮಸ್ಯೆ. ನಮಗೆ ಬೇಕಾದ್ದು ಕೊನೇ ಸಾಲು. ಸಾಲು ಸಾಲಾಗಿ ಚೌಕಾಸಿ ಮಾಡಿದರೆ ಇಲ್ಲಿ ನೂರು ಇಳಿಸಿ ಅಲ್ಲಿ ನೂರು ಏರಿಸ್ತಾರೆ, ನಾವು ಗೆದ್ದೆವು ಅಂದ್ಕೊಂಡು ಮನೆಗೆ ಬರ್ತೀವಿ.

ಇದಕ್ಕಿಂತ ದೊಡ್ಡ ಬಲೆ "ತಿಂಗಳಿಗೆ ಎಷ್ಟು ಕಟ್ಟೋಕಾಗುತ್ತೆ?" ಅನ್ನೋ ಪ್ರಶ್ನೆ. ಸೇಲ್ಸ್‌ಮನ್ ತುಂಬಾ ಒಳ್ಳೆಯವನ ಥರ ಕೇಳ್ತಾನೆ. ನನ್ನ ರೂಮ್‌ಮೇಟ್ 170 ಅಂದ. ಅಲ್ಲಿಗೆ ಮುಗಿಯಿತು. ಅವಧಿ ಎಳೆದರೆ ಯಾವ ಬೆಲೆಯನ್ನಾದರೂ 170ರೊಳಗೆ ಕೂರಿಸಬಹುದು, ಅವರು ಕೂರಿಸಿದರು. ಈ ಪ್ರಶ್ನೆಗೆ ಸರಿಯಾದ ಉತ್ತರ: "ಮೊದಲು ಔಟ್-ದ-ಡೋರ್ ಹೇಳಿ, ದುಡ್ಡು ಹೇಗೆ ಕೊಡೋದು ಅಂತ ಆಮೇಲೆ ಮಾತಾಡೋಣ." ಸಾಲ ಬೇಕೇ ಬೇಕು ಅಂದರೆ ಡೀಲರ್ ಹತ್ತಿರ ಹೋಗೋ ಮುಂಚೆ ಯೂನಿವರ್ಸಿಟಿಯ ಕ್ರೆಡಿಟ್ ಯೂನಿಯನ್ನಿನಲ್ಲಿ ವಿಚಾರಿಸಿ, ಬಡ್ಡಿ ಎಷ್ಟು ಅಂತ ಬರೆಸಿಕೊಂಡು ಹೋಗಿ. ಡೀಲರ್ ಅದಕ್ಕಿಂತ ಕಡಿಮೆಗೆ ಕೊಟ್ಟರೆ ತಗೊಳ್ಳಿ. ಒಂದೇ ವರ್ಷದ ಕ್ರೆಡಿಟ್ ಹಿಸ್ಟರಿ ಇರೋ ನಮ್ಮಂಥವರಿಗೆ ಅವರು ಹೇಳಿದ ಬಡ್ಡಿಯೇ ವೇದವಾಕ್ಯ ಆಗಬಾರದು.

ಈಗ ಯಾವ ಬೈಕು, ಯಾವಾಗ ಅನ್ನೋದು. ಡೀಲರ್‌ಗಳು ಅಂಗಡಿಯಲ್ಲಿ ನಿಲ್ಲಿಸಿರೋ ಬೈಕುಗಳನ್ನು ಸಾಮಾನ್ಯವಾಗಿ ಸಾಲ ತಂದು ನಿಲ್ಲಿಸಿರ್ತಾರೆ. ಇದಕ್ಕೆ ಫ್ಲೋರ್ ಪ್ಲಾನ್ ಅಂತಾರೆ. ಬೈಕ್ ಮಾರಾಟ ಆಗದೆ ನಿಂತಷ್ಟು ದಿನ ಬಡ್ಡಿ ಓಡ್ತಾನೇ ಇರುತ್ತೆ. ಚಳಿಗಾಲ ಬಂತು, ಹೊಸ ವರ್ಷದ ಮಾಡೆಲ್ ಬಂತು, ಹಳೇ ವರ್ಷದ್ದು ಮೂಲೆಯಲ್ಲೇ ಇದೆ ಅಂದರೆ ಅದು ಅವರಿಗೆ ತಲೆನೋವು. ನನ್ನ ಬೈಕ್ ಅಂಥದ್ದು. ಮಾಡೆಲ್ ವರ್ಷ ಹಿಂದಿನದು, ಮೀಟರಿನಲ್ಲಿ 2 ಮೈಲಿ, ಹೊಸದಕ್ಕೂ ಇದಕ್ಕೂ ಬಣ್ಣದಲ್ಲಿ ಮಾತ್ರ ವ್ಯತ್ಯಾಸ. ರೂಮ್‌ಮೇಟ್‌ಗೆ ಕೆಂಪು ಸಿಕ್ತು, ನನಗೆ ಬೂದಿ ಬಣ್ಣ. ಇದಕ್ಕೆ ನಷ್ಟವೂ ಇದೆ: ಮುಂದೆ ಮಾರುವಾಗ ಬೆಲೆಯನ್ನು ಮಾಡೆಲ್ ವರ್ಷ ನೋಡಿಯೇ ಕಟ್ಟೋದು. ವಾರಂಟಿ ಯಾವತ್ತಿನಿಂದ ಶುರು ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ಟೈರಿನ ಪಕ್ಕದಲ್ಲಿ ಡಾಟ್ ಅನ್ನೋ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತೆ, ಅದನ್ನೂ ನೋಡಿ. 2523 ಅಂತಿದ್ದರೆ 2023ರ 25ನೇ ವಾರ ತಯಾರಾದ ಟೈರು. ತುಂಬ ಹಳೇದಾದರೆ ಅದೂ ಚೌಕಾಸಿಗೆ ಒಂದು ಕಾರಣ.

ನಾನು ಜನವರಿ ಎರಡನೇ ವಾರ ನಾಲ್ಕು ಡೀಲರ್‌ಗಳಿಗೆ ಒಂದೇ ಇಮೇಲ್ ಕಳಿಸಿದೆ. ಅದರಲ್ಲಿ ಇದ್ದದ್ದು ಇಷ್ಟು: ನಿಮ್ಮ ಹತ್ತಿರ ಇರೋ ಇಂಥ ಬೈಕ್, ಇಂಥ ಸ್ಟಾಕ್ ನಂಬರಿನದು ಬೇಕು. ಈ ವಾರವೇ ಕೊಳ್ಳೋಕೆ ತಯಾರಿದ್ದೀನಿ. ನನ್ನ ಜಿಪ್ ಕೋಡ್ ಇದು. ಪ್ರತಿಯೊಂದು ಶುಲ್ಕವನ್ನೂ ಬೇರೆ ಬೇರೆ ಬರೆದು, ತೆರಿಗೆ ಸೇರಿಸಿ, ಔಟ್-ದ-ಡೋರ್ ಬೆಲೆ ಕಳಿಸಿ. ಪ್ಲಾನುಗಳು, ಆಕ್ಸೆಸರಿಗಳು ಬೇಡ.

ಮುಖ ನೋಡಿ ಮಾತಾಡೋಕೆ ಸಂಕೋಚ ಪಡೋ ನನ್ನಂಥವರಿಗೆ ಇಮೇಲ್ ಒಂದು ವರ. ಆಕ್ಸೆಂಟ್ ಯೋಚನೆ ಇಲ್ಲ, ಎದುರುಗಡೆ ಕೂತು ಕಾಯಿಸೋರು ಇಲ್ಲ. ಒಬ್ಬರು "ಬನ್ನಿ, ಕೂತು ಮಾತಾಡೋಣ" ಅಂತ ಮಾತ್ರ ಬರೆದರು. ಅವರನ್ನು ಬಿಟ್ಟೆ. ಇನ್ನೊಬ್ಬರು ಬರೀ ಬೈಕಿನ ಬೆಲೆ ಕಳಿಸಿದರು. ಎರಡು ಸಲ ಕೇಳಿದರೂ ಅದೇ, ಅವರನ್ನೂ ಬಿಟ್ಟೆ. ಉಳಿದಿಬ್ಬರಲ್ಲಿ ಶಾರ್ಲಟ್ ಕಡೆಯವರು 5,980, ಗ್ರೀನ್ಸ್‌ಬರೋದವರು 6,390. ಗ್ರೀನ್ಸ್‌ಬರೋ ಹತ್ತಿರ. ಶಾರ್ಲಟ್ಟಿನ ಕಾಗದವನ್ನು ಅವರಿಗೆ ಕಳಿಸಿ, "ಇದಕ್ಕಿಂತ ಚೆನ್ನಾಗಿ ಕೊಟ್ಟರೆ ನಿಮ್ಮ ಹತ್ತಿರವೇ ಬರ್ತೀನಿ" ಅಂದೆ. ಮಾರನೇ ದಿನ 5,805 ಬಂತು. ಬೈಕ್ 4,150, ಫ್ರೈಟ್ 600, ಸೆಟಪ್ 300, ಡಾಕ್ ಫೀ ಅದೇ 499, ತೆರಿಗೆ 166, ಟೈಟಲ್ಲು ಪ್ಲೇಟು 90. ಡಾಕ್ ಫೀ ಒಂದು ಪೈಸೆ ಕಡಿಮೆ ಆಗಿಲ್ಲ ನೋಡಿ!

ಇಲ್ಲದ ಕೊಟೇಶನ್ ಇದೆ ಅಂತ ಸುಳ್ಳು ಹೇಳಬೇಡಿ. ಕಳಿಸಿ ಅಂತ ಕೇಳೇ ಕೇಳ್ತಾರೆ. ಸೆಟಪ್ಪನ್ನು ಪೂರ್ತಿ ಬಿಡಿ ಅಂತ ನಾನು ಕೇಳಲಿಲ್ಲ, ಯಾಕೆಂದರೆ ನನ್ನ ಬ್ರೇಕ್ ಜೋಡಿಸೋ ಮನುಷ್ಯನಿಗೆ ಕೂಲಿ ಸಿಗಬೇಕು. ನನ್ನ ಮಟ್ಟಿಗೆ ನ್ಯಾಯವಾದ ಬೆಲೆ ಅಂದರೆ, ಅದೇ ವಾರ ಅದೇ ಬೈಕನ್ನು ಇನ್ನೊಬ್ಬ ಡೀಲರ್ ಬರವಣಿಗೆಯಲ್ಲಿ ಕೊಡೋಕೆ ಒಪ್ಪಿದ ಬೆಲೆ. ಅದಕ್ಕಿಂತ ಕೆಳಗೆ ಎಳೆಯೋಕೆ ಇನ್ನೊಂದು ವಾರ ಕಳೆಯೋದು ನನಗೆ ಬೇಕಿರಲಿಲ್ಲ. ಥೀಸಿಸ್ ಕೂಡ ಬರೀಬೇಕಿತ್ತು.

ಶನಿವಾರ ರೂಮ್‌ಮೇಟ್ ಜೊತೆ ಹೋದೆ. ಈ ಸಲ ಪಕ್ಕದಲ್ಲಿ ಕೂತವನು ಅವನು. ಕೊನೆಗೆ ಸಹಿ ಹಾಕಿಸೋ ಕೋಣೆಗೆ ಫೈನಾನ್ಸ್ ಆಫೀಸ್ ಅಂತಾರೆ. ಪೂರ್ತಿ ದುಡ್ಡು ಕೊಟ್ಟು ತಗೊಳ್ಳೋರೂ ಅಲ್ಲಿ ಕೂರಲೇಬೇಕು. ಎಕ್ಸ್‌ಟೆಂಡೆಡ್ ವಾರಂಟಿ ಬೇಕಾ, ಟೈರ್ ಪ್ಲಾನ್ ಬೇಕಾ, ಕಳ್ಳತನದ ಪ್ಲಾನ್ ಬೇಕಾ. ನಾಲ್ಕು ಸಲ "ಬೇಡ, ಥ್ಯಾಂಕ್ಸ್" ಅಂದೆ. ಕಾಗದ ಪ್ರಿಂಟಾಗಿ ಬಂತು. ಇಮೇಲನ್ನು ಪಕ್ಕದಲ್ಲಿ ಇಟ್ಕೊಂಡು ಒಂದೊಂದೇ ಸಾಲು ಓದ್ತಾ ಇದ್ದೆ. ರೂಮ್‌ಮೇಟ್ ಮೆಲ್ಲಗೆ ಮೊಣಕೈಯಲ್ಲಿ ತಿವಿದ. "ಮಗಾ, ಇದೇನು ನೋಡು." ಪೇಂಟ್ ಪ್ರೊಟೆಕ್ಷನ್, 199. ನಾನು ಅದನ್ನು ದಾಟಿ ಮುಂದೆ ಹೋಗಿಬಿಟ್ಟಿದ್ದೆ. ಕೇಳಿದಾಗ ಆ ಮನುಷ್ಯ "ಓ, ಅದು ಸಿಸ್ಟಮ್‌ನಲ್ಲಿ ತಾನಾಗೇ ಬರುತ್ತೆ" ಅಂತ ತೆಗೆದು ಮತ್ತೆ ಪ್ರಿಂಟ್ ಕೊಟ್ಟ. ಅವನ ಮುಖದಲ್ಲಿ ಬೇಜಾರೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ.

ನಮ್ಮ ಹುಡುಗರಲ್ಲಿ ಒಂದು ನಂಬಿಕೆ ಇದೆ, ಮೂರು ದಿನದೊಳಗೆ ವಾಪಸ್ ಕೊಡಬಹುದು ಅಂತ. ಡೀಲರ್‌ಶಿಪ್ಪಿಗೇ ಹೋಗಿ ಕೊಂಡ ವಾಹನಕ್ಕೆ ಫೆಡರಲ್ ಟ್ರೇಡ್ ಕಮಿಷನ್ನಿನ ಆ ಮೂರು ದಿನದ ನಿಯಮ ಅನ್ವಯಿಸಲ್ಲ. ಸಹಿ ಹಾಕಿದರೆ ಬೈಕ್ ನಿಮ್ಮದು. ಹಾಗಾಗಿ ಇನ್ಶೂರೆನ್ಸ್ ಕೊಟೇಶನ್ನೂ ಮುಂಚೆಯೇ ತಗೊಳ್ಳಿ, ಸ್ಪೋರ್ಟ್ಸ್ ಬೈಕಿಗೂ ಸಾಧಾರಣ ಬೈಕಿಗೂ ಕಂತಿನಲ್ಲಿ ತುಂಬಾ ವ್ಯತ್ಯಾಸ ಬರುತ್ತೆ. ಕಮ್ಯುನಿಟಿ ಕಾಲೇಜಿನಲ್ಲಿ ನಡೆಯೋ ಬೇಸಿಕ್ ರೈಡರ್ ಕೋರ್ಸ್ ಮಾಡಿದ್ದರೆ ಕೆಲವು ಕಂಪನಿಗಳು ರಿಯಾಯಿತಿ ಕೊಡ್ತಾವೆ. ಹೆಲ್ಮೆಟ್ಟಿಗೂ ದುಡ್ಡು ತೆಗೆದಿಡಿ. ಭಾರತದಲ್ಲಿ ಹೊಸ ಟೂ-ವೀಲರ್ ಜೊತೆ ಹೆಲ್ಮೆಟ್ ಕೊಡಬೇಕು ಅಂತ ನಿಯಮವೇ ಇದೆ, ಇಲ್ಲಿ ಅದೂ ನಮ್ಮ ಖರ್ಚೇ. ಚಕ್ರದಡಿ ಇಡೋಕೆ ನಿಂಬೆಹಣ್ಣು ಮಾತ್ರ ಇಂಡಿಯನ್ ಸ್ಟೋರಿನಲ್ಲಿ ಅಗ್ಗ.

ವಾಪಸ್ ಬಂದ ರಾತ್ರಿ ರೂಮ್‌ಮೇಟ್ ತನ್ನ ಹಳೇ ಕಾಗದ ಮತ್ತೆ ತೆಗೆದ. ಕೊಟ್ಟ ಬೆಲೆ ಇನ್ನು ವಾಪಸ್ ಬರಲ್ಲ, ಆದರೆ ಎರಡು ವಿಷಯ ಸಿಕ್ಕಿತು. ಒಂದು, ಟೈರ್ ಪ್ಲಾನ್ ಮೂರು ವರ್ಷದ್ದು, ಮಧ್ಯದಲ್ಲಿ ರದ್ದು ಮಾಡಿದರೆ ಉಳಿದ ಅವಧಿಯ ದುಡ್ಡು ವಾಪಸ್ ಅಂತ ಸಣ್ಣ ಅಕ್ಷರದಲ್ಲಿ ಇತ್ತು. ಪತ್ರ ಬರೆದ, ಎರಡು ಸಲ ಫೋನ್ ಮಾಡಿದ. 50 ಡಾಲರ್ ರದ್ದತಿ ಶುಲ್ಕ ಹಿಡ್ಕೊಂಡು 304 ಬಂತು. ಬಂದದ್ದು ಅವನ ಕೈಗಲ್ಲ, ನೇರವಾಗಿ ಸಾಲದ ಅಸಲಿಗೆ. ಪ್ಲಾನನ್ನೂ ಸಾಲದಲ್ಲೇ ಕೊಂಡಿದ್ದರೆ ಹಾಗೇ ಆಗೋದು. ಇನ್ನೊಂದು, ಸಾಲವನ್ನು ಬೇಗ ತೀರಿಸಿದರೆ ದಂಡ ಇಲ್ಲ. ಈಗ ಅವನು 167ರ ಬದಲು ತಿಂಗಳಿಗೆ 300 ಕಟ್ತಿದ್ದಾನೆ. ಆ ಹೊತ್ತಿಗೆ ಇನ್ನೂ 56 ಕಂತು ಬಾಕಿ ಇತ್ತು. ಈ ಲೆಕ್ಕದಲ್ಲಿ 26 ತಿಂಗಳಿಗೆ ಮುಗಿಯುತ್ತೆ. ಲೆಕ್ಕ ಈ ಸಲ ನಾನೇ ಹಾಕಿದೆ, ಅವನು ತನ್ನ ಫೋನಿನಲ್ಲಿ ಇನ್ನೊಮ್ಮೆ ಹಾಕಿ ನೋಡಿದ.