ಗಾಣಗಟ್ಟೆಯೂ ಗುರಾಣಿ ಮಾಡುವವರ ಊರೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗಳ ನಮ್ಮ ಬಾಲಕಿಯರು ತಮ್ಮ ಊರ ಹೆಸರನ್ನು ಇಂಗ್ಲಿಷಿನಲ್ಲಿ ಅಂದವಾಗಿ ಬರೆಯಬಲ್ಲರು; ಅದರ ಅರ್ಥವನ್ನು ಕೇಳಿದರೆ ಸುಮ್ಮನಾಗುವರು. ಆದುದರಿಂದ ತರಗತಿಯ ಈ ಪಾಠವನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆಯೂ ಇಡುತ್ತಿದ್ದೇವೆ.

ಮಾಯಮ್ಮನ ಗುಡಿಯಿಂದ ಹೆಸರಾದ ಗಾಣಗಟ್ಟೆಯನ್ನೇ ನೋಡೋಣ. ಮಳೆ, ಕಾಲ ಎಂಬುವು ಕೂಡಿ ಮಳೆಗಾಲವಾದಂತೆ, ಗಾಣ, ಕಟ್ಟೆ ಎಂಬುವು ಕೂಡಿದಾಗ ಕಕಾರಕ್ಕೆ ಗಕಾರವು ಆದೇಶವಾಗಿದೆ. ಎತ್ತು ಸುತ್ತಿ ಸುತ್ತಿ ಎಣ್ಣೆ ಇಳಿಸುತ್ತಿದ್ದ ಗಾಣಿಗರ ಕಸುಬು ಆ ಹೆಸರಿನಲ್ಲಿ ಉಳಿದಿದೆ. ಅದನ್ನೇ ರೋಮನ್ ಲಿಪಿಯಲ್ಲಿ ಬರೆದರೆ ದೀರ್ಘವು ಅಡಗಿ, ಣಕಾರ ನಕಾರಗಳು ಒಂದಾಗುವುವು. ಗಾಣವೋ ಗಾನವೋ ಗಣವೋ ಓದುವವರಿಗೆ ತಿಳಿಯದು. ಎಣ್ಣೆಯ ಊರು ಹಾಡಿನ ಊರಾಗಲು ಎಷ್ಟು ಹೊತ್ತು!

ಎಲ್ಲ ಹೆಸರುಗಳೂ ಇಷ್ಟು ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ. ಹೂವು ಹಡಗಿನಲ್ಲಿ ಹಂಪೆಗೆ ಹೋಗುತ್ತಿದ್ದುದರಿಂದ ಹೂವಿನ ಹಡಗಲಿಯಾಯಿತೆಂದು ಜನರು ಹೇಳುವರು. ಅಲ್ಲಿಯ ಕೇಶವಸ್ವಾಮಿ ಗುಡಿಯೋ 1090ರದು. ವಿಜಯನಗರವು ಸ್ಥಾಪಿತವಾದುದು 1336ರಲ್ಲಿ.

ಕಸುಬಿನ ಹೆಸರುಳ್ಳ ಊರುಗಳು ಯೂರೋಪಿನ ಸ್ಲಾವ್ ಜನರಲ್ಲಿಯೂ ಬಹಳ. ಪೋಲೆಂಡಿನಲ್ಲಿ ಪ್ಯೆಕಾರಿ ಎಂದರೆ ರೊಟ್ಟಿ ಸುಡುವವರು, ಶ್ಚಿತ್‌ನಿಕಿ ಎಂದರೆ ಗುರಾಣಿ ಮಾಡುವವರು. ಮಾಸ್ಕೋದ ಸಕೋಲ್ನಿಕಿಯು ದೊರೆಯ ಬೇಟೆಯ ಡೇಗೆಗಳನ್ನು ಸಾಕುತ್ತಿದ್ದವರಿಂದ ಹೆಸರಾಯಿತು. ಮಧ್ಯಯುಗದ ಪೋಲೆಂಡಿನಲ್ಲಿ ಇಂಥ ಅನೇಕ ಊರಿನವರು ತಮ್ಮ ಕಸುಬಿನ ವಸ್ತುವನ್ನು ದೊರೆಗೆ ಸಲ್ಲಿಸಲೇಬೇಕಾಗಿತ್ತು. ಹಾಗಾಗಿ ಆ ಹೆಸರು ಕೈಚಳಕದ ಗುರುತೂ ಹೌದು, ಕಟ್ಟುಪಾಡಿನ ಗುರುತೂ ಹೌದು. ನಮ್ಮಲ್ಲಿಯೂ ಕುಂಬಾರ ಓಣಿಯೆಂದು ವಿಳಾಸ ಬರೆಯಲು ಹಿಂಜರಿಯುವ ಹುಡುಗಿಯರುಂಟು. ಹೆಸರಿಗೆ ಜಾತಿಯ ಮೇಲುಕೀಳು ಅಂಟಿಕೊಂಡಿರುವುದರಿಂದ ಆ ಹಿಂಜರಿಕೆಯನ್ನು ನಾವು ಹುಡುಗಾಟವೆಂದು ಬಗೆಯುವುದಿಲ್ಲ. ಆದರೆ ಓಣಿಯ ಹೆಸರನ್ನು ಅಳಿಸಿದರೆ ಮಡಕೆ ಮಾಡಿದವರ ನೆನಪು ಹೋಗುವುದೇ ಹೊರತು ಮೇಲುಕೀಳು ಹೋಗದೆಂದು ನಮ್ಮ ಅಭಿಪ್ರಾಯ.

ಇನ್ನು ಲಿಪಿಯ ಮಾತು. ಪೌಲನ ಪತ್ರಿಕೆಗಳಿಂದ ನಮಗೆ ಪರಿಚಿತವಾದ ಥೆಸಲೋನಿಕದ ಸಿರಿಲ್, ಮೆಥೋಡಿಯಸ್ ಎಂಬ ಸೋದರರು 863ರಲ್ಲಿ ಮೊರಾವಿಯಕ್ಕೆ ಹೊರಟರು. ಸ್ಲಾವರ ನುಡಿಗೆ ಅವರು ಒದಗಿಸಿದ ಲಿಪಿಯು ಗ್ಲಗೋಲಿತಿಕ್. ಸಿರಿಲನ ಹೆಸರು ಹೊತ್ತ ಸಿರಿಲಿಕ್ ಲಿಪಿಯು ಆಮೇಲೆ ಬಲ್ಗೇರಿಯದಲ್ಲಿ ಗ್ರೀಕ್ ಅಕ್ಷರಗಳಿಂದ ಬೆಳೆಯಿತು. ಗ್ರೀಕಿನಲ್ಲಿಲ್ಲದ ಧ್ವನಿಗಳಿಗೆ ಬೇರೆ ಅಕ್ಷರಗಳು ಸೇರಿದುವು. ಗುರಾಣಿಯೆಂಬ ಪದದ ಮೊದಲ ಧ್ವನಿಗೆ ರಷ್ಯನರಲ್ಲಿ ಒಂದೇ ಅಕ್ಷರವುಂಟು. ರೋಮನ್ ಲಿಪಿಯನ್ನು ಬಳಸುವ ಪೋಲರು ಅದಕ್ಕೆ ನಾಲ್ಕು ಅಕ್ಷರ ಹೂಡುವರು, ಒಂದನ್ನೂ ಬಿಡರು. ನಾವಾದರೋ ಒಂದು ದೀರ್ಘಕ್ಕೂ ಬೇಸರಪಡುವೆವು.

ಈ ರಜೆಯಲ್ಲಿ ನಮ್ಮ ಬಾಲಕಿಯರು ತಮ್ಮ ಊರಿನ ಓಣಿ, ಬಾವಿ, ಹೊಲಗಳ ಹೆಸರುಗಳನ್ನು ಅಜ್ಜಿಯರು ಉಚ್ಚರಿಸುವಂತೆಯೇ ಕನ್ನಡದಲ್ಲಿ ಬರೆದು ತರುವರು. ಹೊಲದ ಹೆಸರುಗಳನ್ನು ಮುಖ್ಯವಾಗಿ ಕೇಳಿದ್ದೇವೆ. ಅವನ್ನು ಯಾವ ಫಲಕದ ಮೇಲೂ ಬರೆದಿರುವುದಿಲ್ಲ. ಹಳೆಯ ವಿದ್ಯಾರ್ಥಿನಿಯರೂ ಬರೆದು ಶಾಲೆಗೆ ಕಳುಹಿಸಬೇಕಾಗಿ ಕೋರುತ್ತೇವೆ.